ಐದನೇ ನಂಬರ್ ಟ್ರಾಂ: ಶ್ಯಾಮಬಜಾರ್‌ನಿಂದ ಧರ್ಮತಲಾಕ್ಕೆ, ನಿಂತು ನಿಂತು

ರೈಲು ಹಿಡಿಯಬೇಕಾದವರು, ಪರೀಕ್ಷೆ ಬರೆಯಬೇಕಾದವರು, ಹೆಣ್ಣು ನೋಡಲು ಹೊರಟವರು ಕೋಲ್ಕತ್ತದ ಟ್ರಾಂ ಹತ್ತಬಾರದು. ಉಳಿದವರೆಲ್ಲ ಹತ್ತಬಹುದು. ಆದರೆ ಬೇಗ ಹತ್ತಬೇಕು. ಎಸ್‌ಪ್ಲನೇಡ್‌ನಿಂದ (ಅದೇ ಧರ್ಮತಲಾ) ಮೈದಾನ ಎಂದೇ ಹೆಸರಾದ ದೊಡ್ಡ ಬಯಲಿನವರೆಗಿನ ಒಂದು ತುಂಡನ್ನು 'ಪರಂಪರೆ' ಎಂದು ಉಳಿಸಿಕೊಂಡು ಮಿಕ್ಕ ಟ್ರಾಂಗಳನ್ನೆಲ್ಲ ನಿಲ್ಲಿಸುತ್ತೇವೆ ಎಂದು ಪಶ್ಚಿಮ ಬಂಗಾಳದ ಸಾರಿಗೆ ಸಚಿವರು 2024ರ ಸೆಪ್ಟೆಂಬರ್‌ನಲ್ಲೇ ಹೇಳಿಯಾಗಿದೆ. ವಿಷಯ ಕಲ್ಕತ್ತಾ ಹೈಕೋರ್ಟಿನ ಮುಂದಿದೆ. ಈ ಎಳೆದಾಟದ ನಡುವೆ ಉಸಿರು ಹಿಡಿದುಕೊಂಡಿರುವ ಮಾರ್ಗಗಳಲ್ಲಿ ಮುಖ್ಯವಾದವು ಎರಡು: ಶ್ಯಾಮಬಜಾರ್–ಎಸ್‌ಪ್ಲನೇಡ್ ನಡುವಿನ 5 ಮತ್ತು ಗರಿಯಾಹಾಟ್–ಎಸ್‌ಪ್ಲನೇಡ್ ನಡುವಿನ 25. ಇಲ್ಲಿರುವುದು ಹೆಚ್ಚಾಗಿ 5ರ ಮಾತು. ಎರಡರಲ್ಲಿ ಅದೇ ಚೆಂದ.

ಕೋಲ್ಕತ್ತದ ಟ್ರಾಂಗೆ ಕೊನೆಯ ದಿನಗಳು ಹೊಸದಲ್ಲ. 1873ರ ಫೆಬ್ರುವರಿ 24ರಂದು ಸಿಯಾಲ್ದಾದಿಂದ ಅರ್ಮೇನಿಯನ್ ಘಾಟ್‌ಗೆ ಕುದುರೆ ಎಳೆಯುವ ಮೊದಲ ಟ್ರಾಂ ಹೊರಟಿತು. ಹತ್ತುವವರು ಸಾಲದೆ ಅದೇ ವರ್ಷ ನವೆಂಬರ್ 20ಕ್ಕೆ ಮುಚ್ಚಿಹೋಯಿತು. ಹುಟ್ಟಿ ಒಂಬತ್ತು ತಿಂಗಳಿಗೆ ಮೊದಲ ಸಾವು. 1880ರಲ್ಲಿ ಲಂಡನ್ನಿನಲ್ಲಿ ನೋಂದಾಯಿಸಿಕೊಂಡ ಕಂಪನಿಯೊಂದು ಮತ್ತೆ ಎಬ್ಬಿಸಿತು. ಕುದುರೆಯ ಜೊತೆಗೆ ನಡುವೆ ಸ್ವಲ್ಪ ಕಾಲ ಹಬೆಯ ಎಂಜಿನ್ ಬಂತು, 1902ರ ಮಾರ್ಚ್ 27ರಂದು ಎಸ್‌ಪ್ಲನೇಡ್‌ನಿಂದ ಖಿದಿರ್‌ಪುರಕ್ಕೆ ವಿದ್ಯುತ್ ಟ್ರಾಂ ಓಡಿತು. ಆಮೇಲೆ ಮದ್ರಾಸು 1953ರಲ್ಲಿ, ದೆಹಲಿ 1963ರಲ್ಲಿ, ಮುಂಬೈ 1964ರಲ್ಲಿ ತಮ್ಮ ಟ್ರಾಂಗಳಿಗೆ ಎಳ್ಳುನೀರು ಬಿಟ್ಟವು. ಬೆಂಗಳೂರಿಗೆ 1905ರಲ್ಲೇ ಶಿವನಸಮುದ್ರದ ಕರೆಂಟು ಬಂದು ಬೀದಿದೀಪ ಉರಿದರೂ ಟ್ರಾಂ ಬರಲೇ ಇಲ್ಲ. ಹಾಗಾಗಿ ಅಳುವ ಕೆಲಸವೂ ನಮಗೆ ಬೀಳಲಿಲ್ಲ. ದೇಶದಲ್ಲಿ ಉಳಿದದ್ದು ಇದೊಂದೇ.

ಬೆಂಗಳೂರಿನಿಂದ ರೈಲಿನಲ್ಲಿ ಹೌರಾಕ್ಕೆ ಬಂದಿಳಿದವರು ಅಲ್ಲಿ ಟ್ರಾಂ ಹುಡುಕಬೇಡಿ. 1943ರಲ್ಲಿ ಹೊಸ ಹೌರಾ ಸೇತುವೆಯನ್ನು ಮೊದಲು ದಾಟಿದ್ದೇ ಟ್ರಾಂ. ಸರಿಯಾಗಿ ಐವತ್ತು ವರ್ಷಕ್ಕೆ, 1993ರಲ್ಲಿ, ಸೇತುವೆಗೆ ಭಾರ ಆಯಿತು ಎಂದು ಅದನ್ನೇ ಮೊದಲು ಇಳಿಸಿದರು. ಈಗ ಹೌರಾ ಸ್ಟೇಷನ್ನಿನಿಂದ ಹೂಗ್ಲಿ ನದಿಯ ಅಡಿಯಲ್ಲಿ ಹೋಗುವ ಮೆಟ್ರೊ ಹಿಡಿದರೆ ಎಸ್‌ಪ್ಲನೇಡ್ ಕೆಲವೇ ನಿಮಿಷ. ಅಲ್ಲಿ ಇನ್ನೊಂದು ಮೆಟ್ರೊಗೆ ಬದಲಾಯಿಸಿ ಶ್ಯಾಮಬಜಾರ್‌ಗೆ ಹೋಗಿ, ಟ್ರಾಂನಲ್ಲಿ ವಾಪಸು ಬನ್ನಿ. ಹೋಗುವಾಗ ಮೆಟ್ರೊ, ಬರುವಾಗ ಟ್ರಾಂ ಎಂಬ ಈ ಕ್ರಮಕ್ಕೆ ಕಾರಣ ಇದೆ. ಶ್ಯಾಮಬಜಾರ್ ತುದಿಯಲ್ಲಿ ಹತ್ತಿದರೆ ಕಿಟಕಿ ಪಕ್ಕದ ಸೀಟು ಸಿಗುತ್ತದೆ. ಎಸ್‌ಪ್ಲನೇಡ್‌ನಲ್ಲಿ ಮುಗಿಸಿದರೆ ಟ್ರಾಂ ಮ್ಯೂಸಿಯಂ ಕಾಲಬುಡದಲ್ಲೇ ಇರುತ್ತದೆ. ಮತ್ತೆ, ಟ್ರಾಂ ಬಾರದೆ ಹೋದರೆ ಪಕ್ಕದಲ್ಲೇ ಮೆಟ್ರೊ ಇದೆ. ಈ ಕೊನೆಯ ಕಾರಣವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ವೇಳಾಪಟ್ಟಿ ಕೇಳಿದರೆ ಸಿಗುವುದು ಮುಗುಳ್ನಗೆ. ಇಪ್ಪತ್ತು ನಿಮಿಷಕ್ಕೊಂದು ಬಂದರೆ ಅದೃಷ್ಟ, ಮುಕ್ಕಾಲು ಗಂಟೆ ಆದರೆ ಮಾಮೂಲು. 'ಪಥದಿಶಾ' ಎಂಬ ಸರಕಾರಿ ಆ್ಯಪ್ ಇದೆ. ಅದಕ್ಕಿಂತ ತುದಿಯ ನಿಲ್ದಾಣದಲ್ಲಿ ಪುಸ್ತಕ ಹಿಡಿದು ಕೂತವರನ್ನು (ನಮ್ಮ ಬಸ್ ಸ್ಟ್ಯಾಂಡಿನ ಟಿ.ಸಿ. ಇದ್ದ ಹಾಗೆ) ಕೇಳುವುದು ವಾಸಿ. ಡಿಪೋದಿಂದ ಗಾಡಿ ಹೊರಟಿದೆಯೋ ಇಲ್ಲವೋ ಎಂಬ ಖಚಿತ ಸುದ್ದಿ ಅವರ ಬಳಿ ಇರುತ್ತದೆ. 'ಎಸ್‌ಪ್ಲನೇಡ್' ಅನ್ನುವುದಕ್ಕಿಂತ 'ಧರ್ಮತಲಾ' ಅನ್ನಿ, ಊರಿನ ಬಾಯಲ್ಲಿ ಅದೇ ಹೆಸರು. 'ಪಾಂಚ್ ನಂಬರ್' ಅಂದರೆ ಐದು. ಬೋರ್ಡು ಬಂಗಾಳಿಯಲ್ಲಿದ್ದರೆ ಕನ್ನಡ ಅಂಕಿಯ ಅಂದಾಜಿನಲ್ಲಿ ಓದಲು ಹೋಗಬೇಡಿ, ಕೇಳಿಬಿಡಿ. ದಾರಿ ಹೇಳುವುದರಲ್ಲಿ ಆ ಊರಿನವರಿಗೆ ಬೇಸರವೇ ಇಲ್ಲ; ಹೇಳಿ ಮುಗಿಸುವಷ್ಟರಲ್ಲಿ ಟ್ರಾಂ ಬಂದಿರುತ್ತದೆ.

ಟಿಕೆಟ್ಟು ಹತ್ತು ರೂಪಾಯಿಯ ಒಳಗೆ. ಚಿಲ್ಲರೆ ಕೈಯಲ್ಲೇ ಇಟ್ಟುಕೊಳ್ಳಿ. ಐನೂರರ ನೋಟು ಚಾಚಿದರೆ ಕಂಡಕ್ಟರ್ ಬೈಯುವುದಿಲ್ಲ, ಬರೀ ನೋಡುತ್ತಾರೆ, ಅದು ಬೈಗುಳಕ್ಕಿಂತ ಕಷ್ಟ. ಟಿಕೆಟ್ಟು ಬೆರಳಗಲದ ತೆಳು ಕಾಗದ. ಹಳೇ ಕಂಡಕ್ಟರುಗಳು ಬೇರೆ ಬೇರೆ ದರದ ಕಟ್ಟುಗಳನ್ನು ಬೆರಳ ಸಂದಿಗಳಲ್ಲಿ ಸಿಕ್ಕಿಸಿಕೊಂಡು, ಕತ್ತಿನಿಂದ ಇಳಿಬಿದ್ದ ಚರ್ಮದ ಚೀಲದಲ್ಲಿ ಕಾಸು ಕುಲುಕುತ್ತಾ ಬರುತ್ತಾರೆ. ಎರಡು ಬೋಗಿಯ ಗಾಡಿಯಾದರೆ ಒಂದೊಂದು ಬೋಗಿಗೆ ಒಬ್ಬೊಬ್ಬ ಕಂಡಕ್ಟರ್. ಮೇಲೆ ಉದ್ದಕ್ಕೂ ಎಳೆದ ಹಗ್ಗ ಜಗ್ಗಿದರೆ ಡ್ರೈವರ್ ಬಳಿ ಗಂಟೆ ಬಾರಿಸುತ್ತದೆ. ಒಂದು ಸಲ ಟಿಂಗ್ ಅಂದರೆ ನಿಲ್ಲು, ಎರಡು ಸಲ ಅಂದರೆ ಹೊರಡು. ನಮ್ಮ ಕಂಡಕ್ಟರರ ಸೀಟಿಯ ಲೆಕ್ಕವೇ.

ದಶಕಗಳ ಕಾಲ ಮುಂದಿನ ಬೋಗಿ ಫಸ್ಟ್ ಕ್ಲಾಸು, ಹಿಂದಿನದು ಸೆಕೆಂಡ್ ಕ್ಲಾಸು. ವ್ಯತ್ಯಾಸವೆಂದರೆ ಮುಂದೆ ಫ್ಯಾನು, ಹಿಂದೆ ದೇವರು ಕೊಟ್ಟ ಗಾಳಿ. ಎರಡೂ ತಲುಪುವುದು ಒಂದೇ ಹೊತ್ತಿಗೆ, ಅಂದರೆ ಒಂದೇ ತಡಕ್ಕೆ. ಈ ಸೆಕೆಂಡ್ ಕ್ಲಾಸಿನ ದರವನ್ನು 1953ರ ಜುಲೈನಲ್ಲಿ ಕಂಪನಿ ಒಂದೇ ಒಂದು ಕಾಸು ಏರಿಸಿದ್ದಕ್ಕೆ ಊರಿಗೆ ಊರೇ ಬೀದಿಗಿಳಿಯಿತು, ಟ್ರಾಂಗಳಿಗೆ ಬೆಂಕಿ ಬಿತ್ತು, ಕೊನೆಗೆ ಏರಿಕೆ ಕೈಬಿಡಬೇಕಾಯಿತು. ಕಾಸು ಏರಿದ್ದಕ್ಕೆ ಅಷ್ಟು ಕೂಗಿದ ಊರು ಟ್ರಾಂ ಹೋಗುತ್ತದೆ ಅಂದಾಗ ಹಾಕಿದ ಕೂಗು ಅದಕ್ಕಿಂತ ಸಣ್ಣದು.

ಹತ್ತುವ ವಿಧಾನ ತಿಳಿದಿರಬೇಕು. ಹಳಿ ಇರುವುದು ರಸ್ತೆಯ ನಡುವೆ, ನಿಲ್ದಾಣ ಇರುವುದು ಫುಟ್‌ಪಾತ್ ಮೇಲೆ. ಎರಡರ ನಡುವೆ ಹಳದಿ ಟ್ಯಾಕ್ಸಿ, ಮಿನಿಬಸ್ಸು, ಆಟೋ, ತಳ್ಳುಗಾಡಿ. ಟ್ರಾಂ ಪೂರ್ತಿ ನಿಂತ ಮೇಲೆ ಬಲಕ್ಕೆ ಕೈ ತೋರಿಸಿ ಗಾಡಿಗಳನ್ನು ತಡೆಯುತ್ತಾ ನುಗ್ಗಬೇಕು. ಇಳಿಯುವಾಗ ಇನ್ನೂ ಹುಷಾರು: ಮೆಟ್ಟಿಲ ಮೇಲೆ ನಿಂತು ಹಿಂದಕ್ಕೆ ಕತ್ತು ಹೊರಳಿಸಿ ನೋಡದೆ ಕಾಲು ಕೆಳಗಿಡಬೇಡಿ. ನಿಮ್ಮ ಎಡಗಡೆಯಿಂದ ಬೈಕು ಬಂದೇ ಬರುತ್ತದೆ. ಮೂವತ್ತು ವರ್ಷದಿಂದ ಹತ್ತಿ ಇಳಿಯುವ ಅಜ್ಜಂದಿರು ಓಡುವ ಟ್ರಾಂನಿಂದ ಚಪ್ಪಲಿ ಸಮೇತ ಇಳಿದುಹೋಗುವುದನ್ನು ಕಂಡು ಅನುಕರಿಸಬೇಡಿ. ನಿಧಾನದ ಗಾಡಿ ಅಪಾಯದ್ದಲ್ಲ ಎಂಬ ಭ್ರಮೆಯೂ ಬೇಡ. ಕಬ್ಬಿಣದ ಹಳಿ ಮೇಲೆ ಕಬ್ಬಿಣದ ಗಾಲಿ. ರಬ್ಬರ್ ಟೈರಿನ ಹಿಡಿತ ಅದಕ್ಕಿಲ್ಲ, ಪಕ್ಕಕ್ಕೆ ತಿರುಗಿಸಿಕೊಂಡು ತಪ್ಪಿಸುವ ದಾರಿಯೂ ಇಲ್ಲ. ಬಂಗಾಳದ ದೊಡ್ಡ ಕವಿ ಜೀವನಾನಂದ ದಾಸ್ 1954ರ ಅಕ್ಟೋಬರಿನಲ್ಲಿ ಟ್ರಾಂಗೆ ಸಿಕ್ಕಿ ಆಸ್ಪತ್ರೆಯಲ್ಲಿ ತೀರಿಕೊಂಡರು.

ಸೀಟು ಆರಿಸುವುದಾದರೆ ಮುಂದಿನ ಬೋಗಿ, ಡ್ರೈವರ್ ಬೆನ್ನ ಹಿಂದೆ. ಟ್ರಾಂ ನಡೆಸುವುದು ಹೇಗೆ ಎಂದು ಅಲ್ಲಿಂದಲೇ ಕಾಣುವುದು. ಸ್ಟಿಯರಿಂಗ್ ಇಲ್ಲ. ಎದೆ ಎತ್ತರದ ಕಬ್ಬಿಣದ ಪೆಟ್ಟಿಗೆಯೊಂದರ ನೆತ್ತಿಯ ಮೇಲೆ ಹಿಡಿಕೆ. ಅದನ್ನು ಹಲ್ಲು ಹಲ್ಲಾಗಿ ತಿರುಗಿಸುತ್ತಾ ಹೋದರೆ ವೇಗ ಏರುತ್ತದೆ. ಮೇಲಿನ ತಂತಿಯಿಂದ ಬರುವುದು 550 ವೋಲ್ಟಿನ ಡಿ.ಸಿ. ಕರೆಂಟು. ಮೊದಲ ಹಲ್ಲುಗಳಲ್ಲಿ ಮೋಟಾರುಗಳು ಒಂದರ ಬೆನ್ನಿಗೆ ಒಂದು ಜೋಡಿಸಿಕೊಂಡಿರುತ್ತವೆ, ನಡುವೆ ಕರೆಂಟು ತಗ್ಗಿಸುವ ರೆಸಿಸ್ಟೆನ್ಸ್ ಸುರುಳಿಗಳು. ಹಿಡಿಕೆ ಮುಂದೆ ಸರಿದಂತೆ ಸುರುಳಿಗಳು ಒಂದೊಂದೇ ಕಳಚಿಕೊಂಡು, ಕೊನೆಗೆ ಮೋಟಾರುಗಳು ಪಕ್ಕಪಕ್ಕದ ಜೋಡಣೆಗೆ ಬಂದು ಪೂರ್ತಿ ವೋಲ್ಟೇಜ್ ಕುಡಿಯುತ್ತವೆ. ಅನುಭವಿ ಡ್ರೈವರ್ ಒಂದೊಂದು ಹಲ್ಲಿನಲ್ಲೂ ಅರೆಕ್ಷಣ ತಡೆದು ಮುಂದೆ ಹೋಗುತ್ತಾರೆ, ಗಾಡಿ ಬೆಣ್ಣೆಯಂತೆ ಜಾರುತ್ತದೆ. ಅವಸರದವರು ಎರಡು ಹಲ್ಲು ಹಾರಿಸಿದರೆ ನಿಂತವರೆಲ್ಲ ಒಬ್ಬರ ಮೇಲೊಬ್ಬರು. ಕಾಲೇಜ್ ಸ್ಟ್ರೀಟ್‌ನ ಜನಜಂಗುಳಿಯಲ್ಲಿ ಮೊದಲ ಹಲ್ಲುಗಳಲ್ಲೇ ತೆವಳಬೇಕಾಗಿ ಬಂದಾಗ ಸುರುಳಿಗಳು ಕಾದು, ಇಸ್ತ್ರಿಪೆಟ್ಟಿಗೆ ಮರೆತಂಥ ವಾಸನೆ ಬರುತ್ತದೆ. ಗಾಬರಿ ಬೇಡ. ಹಾರ್ನು ಇಲ್ಲ, ಕಾಲಿನಲ್ಲಿ ತುಳಿಯುವ ಗಂಟೆ ಇದೆ. ದಾರಿಗಡ್ಡ ನಿಂತ ಕಾರಿನವರಿಗೆ ಅದು ಕೇಳಿಸುವುದಿಲ್ಲ, ಮೂರು ಬೀದಿ ಆಚೆ ನಿದ್ದೆ ಮಾಡುವವರಿಗೆ ಕೇಳಿಸುತ್ತದೆ.

ಇನ್ನು ತಲೆ ಮೇಲಿನ ಕೋಲು. ಟ್ರಾಲಿ ಕೋಲು ಎಂದರೆ ಚಾವಣಿಯಿಂದ ಹಿಂದಕ್ಕೆ ಬಾಗಿ ತಂತಿಯನ್ನು ಮುಟ್ಟುವ ಉದ್ದನೆಯ ಸಲಾಕೆ. ಬುಡದಲ್ಲಿ ಸ್ಪ್ರಿಂಗು, ಅದು ಕೋಲನ್ನು ಸದಾ ಮೇಲಕ್ಕೆ ಒತ್ತುತ್ತಿರುತ್ತದೆ. ತುದಿಯಿಂದ ಒಂದು ಹಗ್ಗ ಕೆಳಗೆ ಇಳಿಬಿದ್ದಿರುತ್ತದೆ. ಎರಡು ತಂತಿ ಕೂಡುವ ಅಥವಾ ಕವಲೊಡೆಯುವ ಕಡೆ (ವೆಲಿಂಗ್ಟನ್ ಕೂಡುರಸ್ತೆಯಲ್ಲಿ 5 ಮತ್ತು 25 ಒಂದೇ ದಾರಿಗೆ ಬಂದು ಸೇರುತ್ತವೆ) ಸ್ವಲ್ಪ ವೇಗ ಜಾಸ್ತಿಯಾದರೆ ಕೋಲು ತಂತಿ ತಪ್ಪಿ ಚಂಗನೆ ಮೇಲಕ್ಕೆ ಹಾರುತ್ತದೆ. ಫ್ಯಾನು ನಿಂತಿತು, ದೀಪ ಆರಿತು, ಗಾಡಿ ಮೌನವಾಗಿ ಉರುಳಿ ನಿಂತಿತು ಎಂದರೆ ಇದೇ ಆಗಿದೆ. ಕಂಡಕ್ಟರ್ ಚೀಲ ಸಮೇತ ಇಳಿದು ಹಿಂದಕ್ಕೆ ಹೋಗಿ, ಹಗ್ಗ ಜಗ್ಗಿ, ಕತ್ತೆತ್ತಿ, ಒಂದು ಕಣ್ಣು ಮುಚ್ಚಿ ತುದಿಯನ್ನು ತಂತಿಗೆ ಕೂರಿಸುತ್ತಾರೆ. ದೋಟಿ ಹಿಡಿದು ಮಾವಿನಕಾಯಿ ಕೀಳುವವರ ಭಂಗಿಯೇ, ಕೆಲಸ ಮಾತ್ರ ಉಲ್ಟಾ. ಪಳಗಿದ ಕೈಗೆ ಅರ್ಧ ನಿಮಿಷ. ಗಾಳಿ ಮಳೆಯಿದ್ದರೆ ಮೂರು ನಾಲ್ಕು ಸಲ ಗುರಿ ತಪ್ಪುತ್ತದೆ, ಕತ್ತಲಾಗಿದ್ದರೆ ಪ್ರತಿ ಸಲವೂ ನೀಲಿ ಕಿಡಿ. ಸುತ್ತ ನಿಂತವರು ಸಲಹೆ ಕೊಡುತ್ತಾರೆ: ಎಡಕ್ಕೆ, ಇನ್ನೂ ಎಡಕ್ಕೆ. ಹಿಂದೆ ಸಿಕ್ಕಿಕೊಂಡ ಬಸ್ಸಿನವರು ಬೇರೆ ಥರದ ಸಲಹೆ ಕೊಡುತ್ತಾರೆ. ಸುಮ್ಮನೆ ಕೂತಿರಿ, ಮೊಬೈಲಿನಲ್ಲಿ ವಿಡಿಯೊ ಮಾಡಲು ಕೋಲಿನ ಕೆಳಗೆ ಹೋಗಿ ನಿಲ್ಲಬೇಡಿ.

ಹಳಿ ಕವಲೊಡೆಯುವ ಕಡೆ ಇನ್ನೊಂದು ನೋಟ. ಹಾರೆಯಂಥ ಕಬ್ಬಿಣದ ಕೋಲನ್ನು ಹಳಿಯ ನಾಲಿಗೆಗೆ ತೂರಿಸಿ ಮೀಟಿ, ಟ್ರಾಂ ಯಾವ ಕಡೆಗೆ ತಿರುಗಬೇಕೋ ಅತ್ತ ಒತ್ತುತ್ತಾರೆ. ಆ ನಾಲಿಗೆಯ ಸಂದಿಯಲ್ಲಿ ಜಲ್ಲಿಕಲ್ಲು, ಗುಟ್ಕಾ ಚೀಟಿ, ಒಣಗಿದ ಮಣ್ಣು ತುಂಬಿಕೊಂಡಿದ್ದರೆ ಮೊದಲು ಅದನ್ನು ಕೆರೆದು ತೆಗೆಯಬೇಕು. ಟ್ರಾಂನ ಅರ್ಧ ರೋಗಗಳ ಮೂಲ ಗಾಲಿ ಕೂರುವ ಹಳಿಯ ಈ ತೋಡೇ. ಕರೆಂಟು ಮೇಲಿನ ತಂತಿಯಿಂದ ಬಂದು ಗಾಲಿ ಮೂಲಕ ಹಳಿಗಿಳಿದು ವಾಪಸು ಹೋಗುತ್ತದೆ. ಹಳಿಯ ಮೇಲೆ ಮಣ್ಣು, ಡಾಂಬರು ಹೊದೆಸಿಕೊಂಡಿದ್ದರೆ ವಾಪಸು ದಾರಿ ಕಟ್ಟುತ್ತದೆ, ಗಾಡಿ ಕೊಸರಾಡುತ್ತದೆ. ಮಳೆಗಾಲದಲ್ಲಿ ಬೇರೆ ತಾಪತ್ರಯ. ಮೋಟಾರುಗಳು ಗಾಲಿಯ ಅಚ್ಚಿನ ಬಳಿಯೇ, ನೆಲಕ್ಕೆ ತೀರ ಹತ್ತಿರ ತೂಗಿಕೊಂಡಿರುತ್ತವೆ. ಮೊಳಕಾಲುದ್ದ ನೀರು ನಿಲ್ಲುವುದು ಉತ್ತರ ಕೋಲ್ಕತ್ತದಲ್ಲಿ ವಿಶೇಷವೇನಲ್ಲ, ನಿಂತಿತೆಂದರೆ ಅಂದು ಟ್ರಾಂ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೋಗುವವರು ಇದನ್ನು ಲೆಕ್ಕಕ್ಕೆ ಹಿಡಿಯಿರಿ. 2020ರ ಮೇ ತಿಂಗಳ ಅಂಫಾನ್ ಚಂಡಮಾರುತ ಮರಗಳನ್ನು ತಂತಿಗಳ ಮೇಲೆ ಕೆಡವಿತು. ಮೈದಾನದ ಹಸಿರು ಹುಲ್ಲಿನ ನಡುವೆ ಖಿದಿರ್‌ಪುರಕ್ಕೆ ಹೋಗುತ್ತಿದ್ದ 36ನೇ ನಂಬರ್, ಎಲ್ಲ ಮಾರ್ಗಗಳಲ್ಲಿ ಸುಂದರವಾದದ್ದು, ಆಗ ನಿಂತದ್ದು ಮತ್ತೆ ಏಳಲಿಲ್ಲ.

ಸ್ಕೂಟರ್ ಬಾಡಿಗೆ ಪಡೆದು ಊರು ಸುತ್ತುವವರಿಗೆ ಒಂದು ಮಾತು. ಹಳಿಯನ್ನು ಓರೆಯಾಗಿ ದಾಟಬೇಡಿ, ಆದಷ್ಟು ನೇರ ಅಡ್ಡಲಾಗಿ ದಾಟಿ, ಆ ಹೊತ್ತಿನಲ್ಲಿ ಬ್ರೇಕು ಮುಟ್ಟಬೇಡಿ. ತೋಡಿಗೆ ಮುಂದಿನ ಟೈರು ಸಿಕ್ಕಿತೋ, ಒದ್ದೆ ಹಳಿ ಮೇಲೆ ಜಾರಿತೋ, ಕೆಳಗೆ ಬಿದ್ದಂತೆಯೇ.

ಮಾರ್ಗಕ್ಕೆ ಬರೋಣ. ಶ್ಯಾಮಬಜಾರ್‌ನ ಐದು ರಸ್ತೆ ಕೂಡುವಲ್ಲಿಂದ ಬಿಧಾನ್ ಸರಣಿಗುಂಟ ತೆಂಕಣಕ್ಕೆ. ಮೊದಲು ಹಾತಿಬಾಗಾನ್: ಸೀರೆ, ಚಪ್ಪಲಿ, ಸ್ಟೀಲ್ ಪಾತ್ರೆ, ಫುಟ್‌ಪಾತ್ ತುಂಬಿ ಹಳಿಯ ಅಂಚಿಗೆ ಬಂದು ಕೂತ ವ್ಯಾಪಾರ. ಕಿಟಕಿಯಿಂದ ಕೈ ಚಾಚಿ ಚೌಕಾಸಿ ಮಾಡಬಹುದು, ಅಷ್ಟು ಹೊತ್ತು ನಿಲ್ಲುತ್ತದೆ. ಆಮೇಲೆ ಹೆದುವಾ ಕೆರೆ, ಬೆಥೂನ್ ಕಾಲೇಜು. ಮುಂದೆ ಠನ್‌ಠನಿಯಾ ಕಾಳಿ ಗುಡಿ ಬಂದಾಗ ಇಡೀ ಬೋಗಿಯ ಕೈಗಳು ಒಟ್ಟಿಗೆ ಹಣೆಗೆ ಹೋಗುತ್ತವೆ. ನಮ್ಮಲ್ಲಾದರೆ ಗಲ್ಲ ಬಡಿದುಕೊಳ್ಳುವಷ್ಟರಲ್ಲಿ ಬಸ್ಸು ದಾಟಿರುತ್ತದೆ. ಇಲ್ಲಿ ಸಣ್ಣದೊಂದು ಅಷ್ಟೋತ್ತರ ಮುಗಿಸುವ ಪುರಸೊತ್ತಿದೆ. ಆಮೇಲೆ ಕಾಲೇಜ್ ಸ್ಟ್ರೀಟ್. ಎರಡೂ ಕಡೆ ಪುಸ್ತಕದ ಗೂಡಂಗಡಿಗಳು, ಎಡಕ್ಕೆ ಕಾಲೇಜ್ ಸ್ಕ್ವೇರ್, ಬಲಕ್ಕೆ 1817ರಲ್ಲಿ ಹಿಂದೂ ಕಾಲೇಜಾಗಿ ಹುಟ್ಟಿದ ಪ್ರೆಸಿಡೆನ್ಸಿ. ಇಲ್ಲಿ ಇಳಿದುಬಿಡಿ ಎಂಬುದೇ ನಮ್ಮ ಶಿಫಾರಸು. ಕಾಫಿ ಹೌಸಿನಲ್ಲಿ ಕಾಫಿಗಿಂತ ಗದ್ದಲ ಚೆನ್ನಾಗಿರುತ್ತದೆ, ಫಿಲ್ಟರ್ ಕಾಫಿಯ ನಾಲಗೆಯವರು ನಿರೀಕ್ಷೆ ಇಟ್ಟುಕೊಳ್ಳಬೇಡಿ. ಬದಲಿಗೆ ಸ್ಕ್ವೇರಿನ ಪಕ್ಕದಲ್ಲಿ 1918ರಿಂದಿರುವ ಪ್ಯಾರಾಮೌಂಟ್‌ನಲ್ಲಿ ಎಳನೀರಿನ ಶರಬತ್ತು ಕುಡಿಯಿರಿ. ಭಾನುವಾರ ರಸ್ತೆ ಖಾಲಿ, ಟ್ರಾಂ ಸರಾಗ, ಆದರೆ ಪುಸ್ತಕದಂಗಡಿಗಳು ಮುಚ್ಚಿರುತ್ತವೆ. ವಾರದ ದಿನ ಬೆಳಿಗ್ಗೆ ಹತ್ತೂವರೆ ಹನ್ನೊಂದಕ್ಕೆ ಬಂದರೆ ಎರಡೂ ಒಂದಿಷ್ಟು ದಕ್ಕುತ್ತವೆ. ಮೆಡಿಕಲ್ ಕಾಲೇಜು ದಾಟಿ ಬಹೂಬಜಾರಿನ ಒಡವೆ ಅಂಗಡಿಗಳು, ನಿರ್ಮಲ್ ಚಂದ್ರ ಸ್ಟ್ರೀಟ್, ವೆಲಿಂಗ್ಟನ್ (ಚಳಿಗಾಲದಲ್ಲಿ ಸ್ವೆಟರ್ ಮಾರುವವರ ಸಾಲು), ಲೆನಿನ್ ಸರಣಿ, ಧರ್ಮತಲಾ. ಒಟ್ಟು ಐದಾರು ಕಿಲೋಮೀಟರು. ಮೆಟ್ರೊಗೆ ಹತ್ತು ಹನ್ನೆರಡು ನಿಮಿಷದ ದಾರಿ, ಟ್ರಾಂಗೆ ನಲವತ್ತರಿಂದ ಒಂದು ಗಂಟೆ.

25ನೇ ನಂಬರನ್ನು ಬೇಗ ಮುಗಿಸಬಹುದು. ಗರಿಯಾಹಾಟ್ ಡಿಪೋ, ಬಾಲಿಗಂಜ್ ಫಾಡಿ, ಪಾರ್ಕ್ ಸರ್ಕಸ್, ಮಲ್ಲಿಕ್ ಬಜಾರ್, ನೋನಾಪುಕುರ್ ವರ್ಕ್‌ಶಾಪಿನ ಮಗ್ಗುಲು, ಎಲಿಯಟ್ ರೋಡ್, ವೆಲಿಂಗ್ಟನ್. ರಸ್ತೆ ಅಗಲ, ವೇಗ ಸ್ವಲ್ಪ ಜಾಸ್ತಿ, ನೋಟ ಸ್ವಲ್ಪ ಕಡಿಮೆ. ದಕ್ಷಿಣ ಕೋಲ್ಕತ್ತದಲ್ಲಿ ಉಳಿದುಕೊಂಡವರಿಗೆ ಅನುಕೂಲ. ಎಸಿ ಬೋಗಿ ಬಂದರೆ ಬಿಟ್ಟುಬಿಡಿ: ಮುಚ್ಚಿದ ಗಾಜಿನ ಹಿಂದೆ ಕೂತು ಟ್ರಾಂ ಸವಾರಿ ಮಾಡುವುದು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಮಲ್ಲಿಗೆ ಮುಡಿದಂತೆ.

ನಿಧಾನ, ಹೌದು. ಟ್ರಾಂ ಮುಚ್ಚುವವರ ಮುಖ್ಯ ವಾದವೂ ಅದೇ: ಕೋಲ್ಕತ್ತದ ಜಾಗದಲ್ಲಿ ರಸ್ತೆ ಇರುವುದು ನೂರಕ್ಕೆ ಆರು ಪಾಲು, ಅದರಲ್ಲಿ ಟ್ರಾಂ ಅಡ್ಡ. ಆದರೆ ಗಾಡಿಯನ್ನು ಕೂತು ಗಮನಿಸಿದರೆ ಬೇರೆ ಕಾಣುತ್ತದೆ. ಖಾಲಿ ಹಳಿ ಸಿಕ್ಕಲ್ಲೆಲ್ಲ ಅದು ಚೆನ್ನಾಗಿಯೇ ಓಡುತ್ತದೆ. ನಿಲ್ಲುವುದು ಹಳಿ ಮೇಲೆ ನಿಲ್ಲಿಸಿ ಸಿಹಿ ತರಲು ಹೋದ ಕಾರಿನ ಹಿಂದೆ, ಸರಕು ಇಳಿಸುವ ಟೆಂಪೊ ಹಿಂದೆ, ಸಿಗ್ನಲ್ಲಿನಲ್ಲಿ ಅಡ್ಡಾದಿಡ್ಡಿ ನುಗ್ಗಿದ ಆಟೋಗಳ ಹಿಂದೆ. ಪಕ್ಕಕ್ಕೆ ಸರಿಯಲಾಗದ ಗಾಡಿಗೆ ಒಂದು ಸ್ಕೂಟರ್ ಅಡ್ಡ ನಿಂತರೂ ಸಾಕು, ಅದರ ಹಿಂದಿನ ಟ್ರಾಂಗಳೂ ನಿಂತವು. ಒಂದು ಕಾಲಕ್ಕೆ ಹಲವು ರಸ್ತೆಗಳ ನಡುವೆ ಹುಲ್ಲಿನ ಪಟ್ಟಿಯಲ್ಲಿ ಟ್ರಾಂಗೆ ಸ್ವಂತ ದಾರಿ ಇತ್ತು. ರಸ್ತೆ ಅಗಲ ಮಾಡುತ್ತೇವೆಂದು ಅದನ್ನು ಕಿತ್ತು, ಕಾಂಕ್ರೀಟು ಹಾಕಿ, ಕಾರುಗಳನ್ನು ಮೇಲೆ ಬಿಟ್ಟರು. ಕಾಲು ಕಟ್ಟಿ ಓಡು ಅಂದು, ಓಡಲಿಲ್ಲ ಎಂದು ಮನೆಯಿಂದ ಹೊರಗೆ ಹಾಕುವ ನ್ಯಾಯ ಇದು. 1992ರಲ್ಲಿ ಟ್ರಾಂ ಕಂಪನಿಯೇ ಬಸ್ಸು ಓಡಿಸಲು ಶುರುಮಾಡಿತು. ಸವತಿಯನ್ನು ತಾನೇ ಮನೆಗೆ ಕರೆತಂದ ಹಾಗೆ.

ಸಂಭ್ರಮಕ್ಕೇನೂ ಕೊರತೆಯಿಲ್ಲ. ಟ್ರಾಂನಲ್ಲಿ ಲೈಬ್ರರಿ ಮಾಡಿದರು, ಗರಿಯಾಹಾಟ್ ಡಿಪೋದಲ್ಲಿ 'ಟ್ರಾಂ ವರ್ಲ್ಡ್' ಮಾಡಿದರು, 2023ರ ಫೆಬ್ರುವರಿಯಲ್ಲಿ 150 ವರ್ಷದ ಮೆರವಣಿಗೆ ತೆಗೆದರು. ದಿನಾ ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಬರುವ ಟ್ರಾಂ ಒಂದನ್ನು ಬಿಟ್ಟು ಎಲ್ಲ ಮಾಡಿದರು. ಬದುಕಿದ್ದಾಗ ತುತ್ತು ಅನ್ನ ಹಾಕದವರು ತಿಥಿಗೆ ವಡೆ ಪಾಯಸ ಮಾಡಿಸುವುದು ನಮಗೂ ಗೊತ್ತಿರುವ ಪದ್ಧತಿಯೇ. ಇಲ್ಲಿ ತಿಥಿ ಸ್ವಲ್ಪ ಮುಂಚಿತವಾಗಿ ನಡೆದಿದೆ, ಅಷ್ಟೆ. ಈ ಸಾಲಿನಲ್ಲಿ ಚೆನ್ನಾಗಿರುವುದು ಎಸ್‌ಪ್ಲನೇಡ್ ಡಿಪೋದ 'ಸ್ಮರಣಿಕಾ'. 1938ರ ಎರಡು ಬೋಗಿಯ ಗಾಡಿಯನ್ನು 2014ರಲ್ಲಿ ಮ್ಯೂಸಿಯಂ ಮಾಡಿ ನಿಲ್ಲಿಸಿದ್ದಾರೆ. ಮುಂದಿನ ಬೋಗಿಯಲ್ಲಿ ಚಹಾ, ಹಿಂದಿನದರಲ್ಲಿ ಹಳೇ ಟಿಕೆಟ್ಟು, ಪಾಸು, ಕಂಡಕ್ಟರುಗಳ ಟೋಪಿ, ಬಿಲ್ಲೆ. ಮಧ್ಯಾಹ್ನದ ಮೇಲೆ ತೆರೆಯುತ್ತದೆ, ಗುರುವಾರ ಬಾಗಿಲು ಹಾಕಿರುತ್ತದೆ. ಅರ್ಧ ಗಂಟೆ ಸಾಕು. ಅಂದಹಾಗೆ, ನಿಂತೇ ಇರುವ ಈ ಟ್ರಾಂನಲ್ಲಿ ಫ್ಯಾನು ಓಡುವ ಟ್ರಾಂಗಿಂತ ಚೆನ್ನಾಗಿ ತಿರುಗುತ್ತದೆ.

ಅಂಕ ಕೊಡಲೇಬೇಕೆಂದರೆ: 5ನೇ ನಂಬರಿಗೆ ಐದಕ್ಕೆ ನಾಲ್ಕು, ಅರ್ಧ ಅಂಕ ಠನ್‌ಠನಿಯಾ ತಿರುವಿಗೇ. 25ಕ್ಕೆ ಮೂರು. ಮೈದಾನದ ಪರಂಪರೆಯ ತುಂಡಿಗೆ ಒಂದೂವರೆ. ಎಲ್ಲಿಗೂ ಹೋಗದ ಟ್ರಾಂ ಮಕ್ಕಳ ಪಾರ್ಕಿನ ರೈಲು. ಸಮಯಪಾಲನೆಗೆ ಸೊನ್ನೆ ಕೊಡಬೇಕು, ಆದರೆ ಪಾಲಿಸಲು ಸಮಯವನ್ನೇ ಗೊತ್ತುಮಾಡದವರಿಗೆ ಅಂಕ ಕಳೆಯುವುದು ಹೇಗೆ?

ಕೊನೆಯ ಟ್ರಾಂ ಯಾವತ್ತು ಎಂದು ಕಾದು ಅಂದೇ ಹೋಗುವ ಯೋಚನೆ ಬೇಡ. 1964ರ ಮಾರ್ಚ್ 31ರ ರಾತ್ರಿ ಮುಂಬೈಯಲ್ಲಿ ಬೋರಿಬಂದರ್‌ನಿಂದ ದಾದರ್‌ಗೆ ಕೊನೆಯ ಟ್ರಾಂ ಹೊರಟಾಗ ಬೀದಿಯುದ್ದಕ್ಕೂ ಜನವೋ ಜನ. ಇಲ್ಲೂ ಹಾಗೇ ಆಗುತ್ತದೆ, ನಿಮಗೆ ಕಾಣುವುದು ಮುಂದಿನವರ ಮೊಬೈಲು ಮಾತ್ರ. ಯಾವುದಾದರೂ ಮಂಗಳವಾರ ಹೋಗಿ. ಚಿಲ್ಲರೆ, ನೀರಿನ ಬಾಟಲಿ, ಒಂದು ಕರ್ಚೀಫು (ಕಿಟಕಿಯ ಚೌಕಟ್ಟಿಗೆ ಮೊಣಕೈ ಊರುವ ಮೊದಲು ಒರೆಸಿಕೊಳ್ಳಲು). ಟಿಕೆಟ್ಟನ್ನು ಪುಸ್ತಕದೊಳಗೆ ಇಟ್ಟುಕೊಳ್ಳಿ. ಜೇಬಿನಲ್ಲಿಟ್ಟರೆ ಧರ್ಮತಲಾ ತಲುಪುವ ಹೊತ್ತಿಗೆ ಬೆವರಿಗೆ ಕರಗಿ ಹಿಟ್ಟಾಗಿರುತ್ತದೆ.